ಕೈಗೆ ಕಟ್ಟಿದ ಮೆಂತ್ಯದ ಕಾಳು

ಸಿದ್ದಯ್ಯನ ಅಂಗಿ ಅಂದು ಬೆವರಿನಿಂದ ಒದ್ದೆಯಾಗಿತ್ತೇ? ಒದ್ದೆಯಾಗಿತ್ತೆಂದೇ ನನ್ನ ನೆನಪು. ಆದರೆ ಆಮೇಲೆ ಗೊತ್ತಾದದ್ದನ್ನು ನಾನೇ ಅದಕ್ಕೆ ಸೇರಿಸಿಕೊಂಡಿರಲೂಬಹುದು.

ಹತ್ತು ವರ್ಷಗಳ ಹಿಂದೆ ನಾನು ಮದ್ದೂರು ತಾಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯಾಧಿಕಾರಿ. ಲಾರಿಗೆ ಎಳನೀರು ತುಂಬುತ್ತಿದ್ದ ಸಿದ್ದಯ್ಯ, ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹೆಂಡತಿ ಕೆಂಪಮ್ಮನೊಂದಿಗೆ ಬಂದ. ಎಡ ದವಡೆ ಹಿಡಿದುಕೊಂಡಿದ್ದ. ಬಲಗೈಯ ಹೆಬ್ಬೆರಳು, ತೋರುಬೆರಳುಗಳ ನಡುವಿನ ಮಾಂಸದ ಮೇಲೆ ಪ್ಲಾಸ್ಟರ್ ಪಟ್ಟಿ ಅಂಟಿಸಿತ್ತು. ಕಿತ್ತರೆ ಒಳಗೊಂದು ಮೆಂತ್ಯದ ಕಾಳು.

"ಮೇಷ್ಟ್ರಮ್ಮ ಕಟ್ಟವ್ರೆ ಸಾ. ಅದುಮ್ಕೊತಾ ಇದ್ರೆ ಅಲ್ನೋವು ಓಯ್ತದಂತೆ."

ಆ ಜಾಗಕ್ಕೆ ಚೀನೀ ಪದ್ಧತಿಯಲ್ಲಿ ಹೆಗು ಎಂದು ಹೆಸರು. ಅಕ್ಯುಪಂಕ್ಚರ್ ಪಟ್ಟಿಯಲ್ಲಿ ಎಲ್‌ಐ-4. ಹಲ್ಲುನೋವು, ತಲೆನೋವು, ನೆಗಡಿ, ಮಲಬದ್ಧತೆಗಳಿಗೆ ಅದನ್ನು ಒತ್ತುವುದು ಹಳೆಯ ರೂಢಿ. ಬಸುರಿಯರಿಗೆ ಮಾತ್ರ ಒತ್ತಬಾರದೆನ್ನುತ್ತಾರೆ. ನಿವೃತ್ತ ಶಿಕ್ಷಕಿ ಲಲಿತಮ್ಮ ಮಂಡ್ಯದ ಯಾವುದೋ ಶಿಬಿರದಲ್ಲಿ ಇದನ್ನು ಕಲಿತು ಬಂದಿದ್ದರು. ಇಂಥದ್ದನ್ನು ಕಂಡರೆ ನನಗೆ ರೇಗುತ್ತಿತ್ತು.

"ಮೆಂತ್ಯ ಸಾರಿಗೆ ಹಾಕೋದು ಕಣಯ್ಯ, ಕೈಗಲ್ಲ" ಎಂದೆ. ಸಾಲಿನಲ್ಲಿದ್ದವರೆಲ್ಲ ನಕ್ಕರು. ದವಡೆ ಹಿಡಿದುಕೊಂಡೇ ಸಿದ್ದಯ್ಯನೂ ನಕ್ಕ. ನೋವಿನ ಮಾತ್ರೆ ಬರೆದು, ಮಂಡ್ಯಕ್ಕೆ ಹೋಗಿ ಹಲ್ಲಿನ ಡಾಕ್ಟರಿಗೆ ತೋರಿಸಲು ಹೇಳಿದೆ. ಹೃದಯದ ಬಡಿತವನ್ನು ದಾಖಲಿಸುವ ಇಸಿಜಿ ಯಂತ್ರ ಪಕ್ಕದ ಕೋಣೆಯಲ್ಲೇ ಇತ್ತು.

ಬಸ್ಸು ಹನಕೆರೆ ದಾಟುವ ಮೊದಲೇ ಸಿದ್ದಯ್ಯ ಸೀಟಿನಲ್ಲಿ ಕುಸಿದು ಸತ್ತ. ಹೃದಯಾಘಾತವೆಂದು ಮರಣೋತ್ತರ ವರದಿ ಬಂತು. ಕೆಲವರಲ್ಲಿ ಹೃದಯದ ನೋವು ದವಡೆಯಲ್ಲಷ್ಟೇ ಕಾಣಿಸಿಕೊಳ್ಳುತ್ತದೆ. ಅದನ್ನು ಓದಿಯೇ ನಾನು ಪಾಸಾಗಿದ್ದೆ.

ಕಾಳು ಕಟ್ಟಿ ಹೊತ್ತು ಕಳೆದಿರೆಂದು ಲಲಿತಮ್ಮನ ಮನೆಗೆ ಜಗಳಕ್ಕೆ ಹೋದೆ. ಅವರು ದನಿ ಏರಿಸಲಿಲ್ಲ.

"ಕಟ್ಟಿದ್ದು ನಾನೇ. ಒತ್ತಿದ್ರೂ ಇಳೀಲಿಲ್ಲ, ಇದು ಹಲ್ಲಿಂದಲ್ಲ, ಎದೆ ನೋಡ್ಸು ಅಂತ ಆಗ್ಲೇ ಕೆಂಪಮ್ಮಂಗೆ ಹೇಳಿ ನಿಮ್ಮತ್ರ ಕಳಿಸ್ದೆ. ಅವಳು ಹೇಳ್ಲಿಲ್ವಾ?"

ಮುಂದಿನ ವಾರ ಕೆಂಪಮ್ಮ ಯಾವುದೋ ಕಾಗದಕ್ಕೆ ಬಂದಾಗ ಕೇಳಿದೆ.

"ಏಳ್ದೆ ಸಾ. ನೀವು ನಗ್ತಾ ಇದ್ರಿ."

ಅವಳು ಹೇಳಿದ್ದು ನನಗೆ ಇಂದಿಗೂ ನೆನಪಿಲ್ಲ. ನೆನಪಿಲ್ಲವೆಂಬುದನ್ನೇ ಹಿಡಿದುಕೊಂಡು, ಮಳವಳ್ಳಿಗೆ ವರ್ಗವಾದ ಮೇಲೂ ಆಶಾ ಕಾರ್ಯಕರ್ತೆಯರ ತರಬೇತಿಗಳಲ್ಲಿ ಈ ಕಥೆಯನ್ನು ನನಗೆ ಬೇಕಾದಂತೆ ಹೇಳುತ್ತಾ ಬಂದೆ: ರಾತ್ರಿಯೆಲ್ಲ ಕಾಳು ಕಟ್ಟಿಕೊಂಡು ಕೂತ, ತಡವಾಗಿ ಬಂದ, ಸತ್ತ. ಆ ಬಿಂದು ನೋವು ಕಳೆಯುತ್ತದೆಂದು ನಾನು ಈಗಲೂ ನಂಬುವುದಿಲ್ಲ. ಆದರೆ ಕೈಯಲ್ಲಿ ಕಾಳು ಕಂಡಿತೆಂದು ಅವನ ಎದೆಗೆ ಸ್ಟೆತಸ್ಕೋಪ್ ಇಡದೆ ಕಳಿಸಿದ್ದಕ್ಕೆ ವಿಜ್ಞಾನವೆಂದು ಹೆಸರಿಡಲಾರೆ. ಈಗ ಯಾರು ಏನು ಕಟ್ಟಿಕೊಂಡು ಬಂದರೂ, ಕಟ್ಟಿದವರು ಏನೆಂದರೆಂದು ಮೊದಲು ಕೇಳುತ್ತೇನೆ.

ಕಳೆದ ವರ್ಷ ಆ ಕೇಂದ್ರಕ್ಕೆ ಹೋಗಿ ಹಳೆಯ ಹೊರರೋಗಿ ರಿಜಿಸ್ಟರ್ ತೆಗೆಸಿದೆ. ಬೆವರಿನ ಮಾತು ಅದರಲ್ಲಿಲ್ಲ, ಕೆಂಪಮ್ಮನ ಮಾತೂ ಇಲ್ಲ. ಸಿದ್ದಯ್ಯನ ಹೆಸರಿನ ಮುಂದೆ, ನನ್ನದೇ ಕೈಬರಹದಲ್ಲಿ, ಇಷ್ಟು ಇದೆ: ದವಡೆ ನೋವು, ಅರ್ಧ ಗಂಟೆಯಿಂದ.