ಹುಳ ತಿಂದ ಚುಕ್ಕಿಗಳು

ಮೊನ್ನೆ ಹಳೆಯ ಟ್ರಂಕು ತೆರೆದರೆ ಟ್ರೇಸಿಂಗ್ ಪೇಪರಿನ ಕಮಟು ವಾಸನೆ. ಮೂಗಿಗೆ ಬಡಿದದ್ದೇ ತಡ, ಹಳೆಯದೆಲ್ಲ ಎದ್ದು ಬಂತು ನೋಡಿ. ನಾನು ರೋಣದ ಮೋಜಣಿ ಕಚೇರಿಯಲ್ಲಿ ನಕಾಶೆ ನಕಲು ಮಾಡುತ್ತಿದ್ದವನು. ಗೆರೆಯ ಮೇಲೆ ಗೆರೆ ಎಳೆಯುವ ಕೆಲಸ. ಅಷ್ಟಕ್ಕೇ ಇಡೀ ತಾಲ್ಲೂಕು ನನ್ನ ಅಂಗೈಯಲ್ಲಿದೆ ಎಂದು ಬೀಗುತ್ತಿದ್ದೆ. ಖರೇ ಹೇಳಬೇಕೆಂದರೆ, ಯಾವ ಊರಲ್ಲಿ ಮಿರ್ಚಿ ಬಿಸಿಬಿಸಿ ಸಿಗುತ್ತದೆ ಎಂಬುದಷ್ಟೇ ನನಗೆ ಗೊತ್ತಿತ್ತು.

ಕೆಲಸ ಕಲಿಸಿದವರು ದಸ್ತಗೀರ ಚಾಚಾ, ಹೊಳೆಆಲೂರಿನ ಆಚೆಯ ಹಳ್ಳಿಯವರು. ನಕಲಿಗೆ ಕೂರುವ ಮೊದಲು ನಕಾಶೆ ಯಾವ ಊರಿನದೋ ಆ ಊರಿಗೇ ಹೋಗಿ ಬದು, ಹಳ್ಳ, ದಾರಿ ಎಲ್ಲ ನಡೆದು ನೋಡಿ ಬರುತ್ತಿದ್ದರು. “ಮೊದಲ ಕಾಲಿಲೆ ಬರಿ, ಆಮ್ಯಾಲ ಕೈಲೆ ಬರಿ,” ಎನ್ನುತ್ತಿದ್ದರು. ನಾನೋ ಬಿಸಿಲೆಂದರೆ ಕುರ್ಚಿಗೆ ಅಂಟಿಕೊಳ್ಳುವ ಮನುಷ್ಯ.

ಅವರು ನಿವೃತ್ತರಾದ ಮೇಲೆ ಅವರೂರಿನ ನಕಾಶೆಯೇ ನನ್ನ ಕೈಗೆ ಬಂತು. ಹುಳ ತಿಂದು ಜರಡಿಯಾಗಿತ್ತು. ಕಾಲುದಾರಿಯನ್ನು ಚುಕ್ಕಿಗಳಿಂದ ತೋರಿಸುವುದು ನಮ್ಮ ಪದ್ಧತಿ. ಮಸೂತಿಯ ಹಿಂದಿನಿಂದ ಖಬರಸ್ತಾನಕ್ಕೆ ಹೋಗುವ ಚುಕ್ಕಿಗಳನ್ನು ನಾನು ಹುಳದ ತೂತೆಂದು ಬಿಟ್ಟುಬಿಟ್ಟೆ. ಬಸ್ಸು ಹತ್ತಿ ಒಮ್ಮೆ ಹೋಗಿದ್ದರೆ ತಿಳಿಯುತ್ತಿತ್ತು. ಮುಂದೆ ಮೂಲ ಪುಡಿಯಾಯಿತು, ನನ್ನ ನಕಲೇ ಮೂಲವಾಯಿತು.

ಹೋದ ವರ್ಷ ಗಜೇಂದ್ರಗಡದವರೊಬ್ಬರು ಆ ದಾರಿ ಹಾಯುವ ಹೊಲ ಕೊಂಡು ತಂತಿ ಬೇಲಿ ಹಾಕಿಸಿದರು. ನಕಾಶೆಯಲ್ಲಿ ದಾರಿಯಿಲ್ಲ ಎಂದಿತು ಕಚೇರಿ. ಚಾಚಾ ಕೋಲೂರಿಕೊಂಡು ನನ್ನ ಮನೆಗೇ ಬಂದರು.

“ನಕಲ ಮಾಡಿದಾಂವ ನೀನ. ದಾರಿ ಇತ್ತಂತ ಬಂದ ಹೇಳಪಾ.”

ನನಗೆ ಆಗಲೇ ಎಲ್ಲ ಹೊಳೆದಿತ್ತು. ಆದರೂ ಮರ್ಯಾದೆಗೆ ಅಂಜಿ ಹೇಳಿದೆ: “ಮೂಲದಾಗ ಇರಲಿಲ್ರಿ, ಚಾಚಾ.”

ಅವರು ಕೋಲನ್ನು ಗೋಡೆಗೆ ಒರಗಿಸಿದರು. “ನೀ ಹೇಳ್ತಿ ಅಂದ್ರ ಇರಲಿಕ್ಕಿಲ್ಲ. ನನ್ನ ನೆನಪ ಕೆಟ್ಟಿರಬೇಕು.” ಚಹಾ ಕುಡಿದು ಹೋದರು. ಊರವರಿಗೂ ತಕರಾರು ಬಿಡಿರೆಂದರಂತೆ.

ಹೋದ ತಿಂಗಳು ಅವರು ತೀರಿಕೊಂಡರು. ಶವವನ್ನು ಮೊಣಕಾಲುದ್ದ ಕೆಸರಿನ ಹಳ್ಳ ದಾಟಿಸಿ, ಸುತ್ತುಹಾಕಿ ಒಯ್ದೆವು. ಹೆಗಲು ಬದಲಿಸುವಾಗ ಅವರ ಮಗ ಹೇಳಿದ: “ಅಪ್ಪಾ ಕಡೀತನಕಾ ಅಂತಿದ್ರು, ನಾವ ಇಷ್ಟ ವರ್ಷ ಮಂದಿ ಹೊಲಾ ತುಳದ ತಪ್ಪ ಮಾಡೀವಿ ಅಂತ.”

ಇಂದು ಬೆಳಗ್ಗೆ ಕಚೇರಿಗೆ ಹೋಗಿ ತಪ್ಪೊಪ್ಪಿಗೆ ಬರೆದುಕೊಟ್ಟೆ. ಅಲ್ಲಿಯ ಹುಡುಗಿ ಓದಿ, ವಿನಯದಿಂದಲೇ ಹಿಂತಿರುಗಿಸಿದಳು.

“ಮೂಲ ನಕಾಶಿ ಇದ್ರ ತರ್ರಿ ಅಜ್ಜಾರ. ಬರೇ ನೆನಪಿನ ಮ್ಯಾಲ ದಾರಿ ಹುಟ್ಟೂದಿಲ್ರಿ.”