ಗಿಳಿಯಕ್ಕನ ಸಪ್ಪೆ ದನಿ

ಬೀದಿಯಲ್ಲಿ ಅವಳಿಗೆ ಗಿಳಿಯಕ್ಕ ಎಂದೇ ಹೆಸರು. ಹಸಿರು ಬಟ್ಟೆ ತೊಡುತ್ತಾಳೆಂದಲ್ಲ, ಮೂಗು ಚೂಪಾಗಿದೆಯೆಂದೂ ಅಲ್ಲ. ಯಾರು ಏನಂದರೂ ಅದನ್ನು ಒಂದಕ್ಷರ ಬಿಡದೆ ತಿರುಗಿ ಒಪ್ಪಿಸುತ್ತಾಳೆ, ಅದಕ್ಕೆ. ಜೀವಮಾನವಿಡೀ ಕೋರ್ಟಿನಲ್ಲಿ ಶೀಘ್ರಲಿಪಿ ಬರೆದವಳು. ಕೊಲೆ ಮಾಡಿದವನ ಹೇಳಿಕೆಯನ್ನೂ ಸತ್ತವನ ತಾಯಿಯ ಹೇಳಿಕೆಯನ್ನೂ ಒಂದೇ ಪೆನ್ನಿನಲ್ಲಿ ಬರೆದುಕೊಂಡು, ಸಂಜೆ ಮನೆಗೆ ಬಂದು ಒಬ್ಬಳಿಗಾಗುವಷ್ಟು ಅಡುಗೆ ಮಾಡಿಕೊಂಡು ಉಂಡವಳು. ಮದುವೆ ಅವಳ ಬಾಗಿಲಿಗೆ ಬರಲಿಲ್ಲ, ಅವಳೂ ಅದರ ಹಿಂದೆ ಬೀಳಲಿಲ್ಲ. ನಿವೃತ್ತಿಯ ಹೊತ್ತಿಗೆ ಬೆರಳಿನ ಗೆಣ್ಣುಗಳು ಊದಿಕೊಂಡು ಪೆನ್ನು ಹಿಡಿಯುವುದೇ ಕಷ್ಟವಾಯಿತು. ಬಾಯಿ ಮಾತ್ರ ಗಟ್ಟಿಮುಟ್ಟಾಗಿತ್ತು.

ಆ ಬಾಯಿಗೆ ಕೆಲಸ ಕೊಟ್ಟವರು ಸೈಕಲ್ ಅಂಗಡಿಯ ಮಹಡಿಯ ಮೇಲಿನ ಒಂದು ಸಣ್ಣ ಸಂಸ್ಥೆಯವರು. ಸಂಸ್ಥೆಯೆಂದರೆ ಎರಡು ಕೋಣೆ, ಸೋರುವ ನಲ್ಲಿ, ಕಾಲು ಅಲುಗಾಡುವ ಮೇಜು, ಮತ್ತೆ ಅದನ್ನೆಲ್ಲ ನಡೆಸುವ ಒಬ್ಬ ನಿವೃತ್ತ ಮೇಷ್ಟ್ರು. ಮೈದಾನಗಳಲ್ಲಿ ನಿಂತು ಇಂಥವರನ್ನು ಹೊಡೆಯಿರಿ, ಇಂಥವರ ಅಂಗಡಿ ಸುಡಿ ಎಂದು ಜನರನ್ನು ಎತ್ತಿಕಟ್ಟುವವರ ಭಾಷಣಗಳನ್ನು ಕಲೆಹಾಕಿ, ಅಕ್ಷರಕ್ಕಿಳಿಸಿ, ವರ್ಷಕ್ಕೊಂದು ಪುಸ್ತಕ ಮಾಡಿ ಪೊಲೀಸರಿಗೂ ಪತ್ರಿಕೆಗಳಿಗೂ ಕಳಿಸುವುದು ಅವರ ಕೆಲಸ. ರೆಕಾರ್ಡಿಂಗನ್ನು ನೇರವಾಗಿ ಕಂಪ್ಯೂಟರಿಗೆ ಕೇಳಿಸಿದರೆ ಅದು ಶಿಳ್ಳೆ, ಚಪ್ಪಾಳೆ, ಮೈಕಿನ ಕೀಚಲಿನ ನಡುವೆ ದಿಕ್ಕೆಟ್ಟು ಏನೇನೋ ಟೈಪ್ ಮಾಡುತ್ತಿತ್ತು. ಅದಕ್ಕೇ ಗಿಳಿಯಕ್ಕ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಭಾಷಣ ಕೇಳುತ್ತ, ಕೇಳಿದ್ದನ್ನು ಕೇಳಿದ ಹಾಗೇ ಕಂಪ್ಯೂಟರಿನ ಮೈಕಿಗೆ ಹೇಳುವಳು. ಏರಿಳಿತವಿಲ್ಲ, ಸಿಟ್ಟಿಲ್ಲ. ದನಿ ಸ್ವಲ್ಪ ಏರಿದರೂ ಕಂಪ್ಯೂಟರು ತಪ್ಪು ಬರೆಯುತ್ತಿತ್ತು. ಹೀಗೆ ಬೆಂಕಿ ಉಗುಳಿದ ಮಾತೆಲ್ಲ ಅವಳ ಬಾಯಲ್ಲಿ ಸಪ್ಪೆಯಾಗಿ ಹಾಳೆಗಿಳಿಯುತ್ತಿತ್ತು.

ಈ ಸಪ್ಪೆ ದನಿಗೂ ಒಬ್ಬರು ಅಭಿಮಾನಿಯಿದ್ದರು, ಪಕ್ಕದ ಮನೆಯ ಅಜ್ಜಿ. ಅವರಿಗೆ ಕಿವಿ ಮಂದ. ಟೀವಿಯ ಮಾತು ಅವರಿಗೆ ಬರೀ ಗುಂಯ್ ಎನ್ನುವ ಸದ್ದು. ಗಿಳಿಯಕ್ಕ ಬಲಗಿವಿಯ ಹತ್ತಿರ ಬಾಯಿಟ್ಟು ಹೇಳಿದ್ದು ಮಾತ್ರ ಸ್ಪಷ್ಟ. ದಿನಾ ಸಂಜೆ ಅವಳು ಅಜ್ಜಿಯ ಪಕ್ಕ ಕೂತು ಸೀರಿಯಲ್ಲನ್ನು ಪೂರ್ತಿ ಒಪ್ಪಿಸುವಳು. ನಾಯಕಿಯ ಗೋಳು, ವಿಲನ್ನಿನ ಬೆದರಿಕೆ, ನಡುವೆ ಬರುವ ಸೋಪಿನ ಜಾಹೀರಾತು, ಎಲ್ಲ ಒಂದೇ ದನಿಯಲ್ಲಿ. ಅಜ್ಜಿಯ ಸೊಸೆ ಟೈಲರ್, ಗಂಡನನ್ನು ಕಳೆದುಕೊಂಡ ಮೇಲೆ ಮುಂಬಾಗಿಲ ಕೋಣೆಯಲ್ಲೇ ಮೆಷಿನ್ ಹಾಕಿಕೊಂಡವಳು. ಅವಳಿಗೆ ಗಿಳಿಯಕ್ಕ ಒಡಹುಟ್ಟಿದವಳ ಹಾಗೆ. "ಅಕ್ಕಾ, ಬಾ, ಕೂತ್ಕೋ" ಎನ್ನುವಷ್ಟು ಸಲಿಗೆ. ಗಿಳಿಯಕ್ಕನಿಗೆ ನನ್ನವರು ಎಂದು ಇದ್ದದ್ದು ಆ ಮನೆಯೊಂದೇ.

ಆ ಮನೆಯವರ ಹಿರಿಯರು ಹೊಳೆಯಾಚೆಯಿಂದ ಬಂದವರು. ಮೈದಾನದ ಭಾಷಣಗಳಲ್ಲಿ ಬೈಸಿಕೊಳ್ಳುತ್ತಿದ್ದವರೂ ಈ ಹೊಳೆಯಾಚೆಯವರೇ. ಹಗಲೆಲ್ಲ ಕಿವಿಗೆ ಬಿದ್ದ ಹೊಲಸನ್ನು ಅಲ್ಲಿಗೆ ಯಾಕೆ ಹೊತ್ತುಕೊಂಡು ಹೋಗುವುದೆಂದು ಗಿಳಿಯಕ್ಕ ಆಫೀಸಿನ ಸುದ್ದಿ ಎತ್ತುತ್ತಲೇ ಇರಲಿಲ್ಲ. ಟೈಪಿಂಗ್ ಕೆಲಸ, ಅಂದಿದ್ದಳು ಅಷ್ಟೇ. ಒಳ್ಳೆಯ ಮನಸ್ಸಿನಿಂದಲೇ ಮುಚ್ಚಿಟ್ಟಿದ್ದಳು, ಅದೇ ಆಮೇಲೆ ಕುತ್ತಿಗೆಗೆ ಬಂತು.

ಆ ವರ್ಷದ ಪುಸ್ತಕದಲ್ಲಿ ಮೇಷ್ಟ್ರು ಒಂದು ಅಧ್ಯಾಯವನ್ನು ಹೊಸದಾಗಿ ಸೇರಿಸಿದ್ದರು. ಎಲ್ಲರ ಮನೆಯಲ್ಲೂ ಓಡುವ ಒಂದು ಸುದ್ದಿ ಚಾನೆಲ್ಲು ಇಂಥ ಭಾಷಣಗಳನ್ನು ಹೇಗೆ ನೇರಪ್ರಸಾರ ಮಾಡಿ ಊರಿಗೆಲ್ಲ ಹಂಚುತ್ತಿದೆ ಎಂದು ಹೆಸರು ಹಿಡಿದು ಬರೆದಿದ್ದರು. ಸ್ವಲ್ಪ ದಿನಕ್ಕೆ ಅದೇ ಚಾನೆಲ್ಲಿನಿಂದ ಫೋನ್ ಬಂತು: ನಿಮ್ಮ ಕೆಲಸವನ್ನು ಜನಕ್ಕೆ ತೋರಿಸಬೇಕು, ಬರಬಹುದೇ? ಮೇಷ್ಟ್ರು ಹಿಗ್ಗಿಹೋದರು. ಅಲ್ಲಾ, ಮುಖಕ್ಕೆ ಮಸಿ ಬಳಿಸಿಕೊಂಡವರು ನಗುನಗುತ್ತ ಮನೆಗೆ ಬರುತ್ತೇವೆ ಅಂದರೆ ಒಂದು ಗಳಿಗೆ ಯೋಚಿಸಬೇಡವೇ? ಆದರೆ ಮೇಷ್ಟ್ರ ಕಣ್ಣಿಗೆ ಎದುರಿಗಿದ್ದವರೆಲ್ಲ ಇವತ್ತಲ್ಲ ನಾಳೆ ತಿದ್ದಿಕೊಳ್ಳುವ ಹುಡುಗರೇ.

ಚಾನೆಲ್ಲಿನವರು ಬಂದ ದಿನ ಕೊರೆಯುವ ಚಳಿ. ಗಿಳಿಯಕ್ಕ ತಲೆಗೂ ಕಿವಿಗೂ ಉಣ್ಣೆಯ ಸ್ಕಾರ್ಫ್ ಸುತ್ತಿಕೊಂಡು ಕೂತಿದ್ದಳು, ಇಯರ್‌ಫೋನ್ ಅದರೊಳಗೆ. ವರದಿಗಾರ್ತಿಯ ಮಾತೋ, ಬೆಣ್ಣೆ. ನೀವು ದಿನಾ ಹೇಗೆ ಮಾಡುತ್ತೀರೋ ಹಾಗೇ ಮಾಡಿ ಅಮ್ಮಾ, ನಾವು ಇಲ್ಲಿಲ್ಲ ಅಂದುಕೊಳ್ಳಿ ಎಂದಳು. ಇಷ್ಟು ವರ್ಷಗಳಲ್ಲಿ ತನ್ನ ಕೆಲಸ ನೋಡಲು ಯಾರಾದರೂ ಬಂದದ್ದುಂಟೇ? ಗಿಳಿಯಕ್ಕನಿಗೆ ಹೆಮ್ಮೆಯೆನಿಸಿತು. ಕೈಗೆ ಸಿಕ್ಕ ಭಾಷಣವನ್ನೇ ಹಚ್ಚಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಮೈಕಿಗೆ ಹೇಳತೊಡಗಿದಳು. ಸ್ಕಾರ್ಫ್ ತೆಗೆಯಬೇಕೆಂದು ಅವಳಿಗೂ ಹೊಳೆಯಲಿಲ್ಲ, ಮೇಷ್ಟ್ರಿಗೂ ಹೊಳೆಯಲಿಲ್ಲ. ಕ್ಯಾಮೆರಾದವನಿಗೆ ಮಾತ್ರ ಹೊಳೆದಿರಬೇಕು.

ಮರುದಿನ ಚಾನೆಲ್ಲಿನ ತುಂಬ ಅವಳೇ. ತಲೆಗೆ ಬಟ್ಟೆ ಸುತ್ತಿಕೊಂಡ, ಕಿವಿಯ ಇಯರ್‌ಫೋನ್ ಕಾಣಿಸದ ಹೆಂಗಸೊಬ್ಬಳು ಮೈಕಿನ ಮುಂದೆ ಕೂತು ಹೇಳುತ್ತಿದ್ದಾಳೆ: "ಹೊಳೆಯಾಚೆಯವರನ್ನ ಇಟ್ಕೊಂಡಿದ್ದು ಸಾಕು. ಅವರ ಮನೆ ಯಾವುದು ಅಂತ ಗುರುತು ಹಾಕಿ. ಒಂದೊಂದೇ ಖಾಲಿ ಮಾಡಿಸಿ." ಅದರ ಹಿಂದಿಲ್ಲ, ಮುಂದಿಲ್ಲ. ದ್ವೇಷದ ಭಾಷಣಗಳು ತಯಾರಾಗುವ ಕಾರ್ಖಾನೆ ಸಿಕ್ಕಿಬಿದ್ದಿದೆ, ಕಾವಲು ಕಾಯುವ ಸೋಗಿನಲ್ಲಿ ಇವರೇ ಬರೆದು ಇವರೇ ಬೇರೆಯವರ ತಲೆಗೆ ಕಟ್ಟುತ್ತಾರೆ ಎಂದು ನಿರೂಪಕ ಗಂಟಲು ಹರಿದುಕೊಂಡ. ಮೇಷ್ಟ್ರು ಕೊಟ್ಟ ಸ್ಪಷ್ಟನೆಯನ್ನು ಚಾನೆಲ್ಲಿನವರು ಕಳ್ಳರ ಸಮಜಾಯಿಷಿ ಎಂದು ಓದಿ ನಕ್ಕರು. ಮಹಡಿ ಖಾಲಿ ಮಾಡಿ ಎಂದು ಕಟ್ಟಡದ ಮಾಲೀಕ ಹೇಳಿಕಳಿಸಿದ. ಹಾಲಿನ ಅಂಗಡಿಯಲ್ಲಿ ಗಿಳಿಯಕ್ಕನನ್ನು ಕಂಡು ನಾಲ್ಕು ಜನ ಮಾತು ನಿಲ್ಲಿಸಿದರು.

ಅದನ್ನೆಲ್ಲ ಅವಳು ಹೇಗೋ ನುಂಗಿಕೊಂಡಳು. ಅವಳ ಜೀವವೆಲ್ಲ ಇದ್ದದ್ದು ಪಕ್ಕದ ಮನೆಯ ಬಾಗಿಲಲ್ಲಿ. ಹೋಗಿ ತಟ್ಟಿದಳು. ಟೈಲರ್ ಅರ್ಧ ಬಾಗಿಲು ತೆಗೆದು ಅಡ್ಡ ನಿಂತಳು. ಕುತ್ತಿಗೆಗೆ ಅಳತೆಪಟ್ಟಿ ಹಾಗೇ ನೇತಾಡುತ್ತಿತ್ತು.

"ಟೀವೀಲಿ ಬಂದಿದ್ದು ನಿಮ್ಮ ದನೀನೇನಾ?"

ನಿಮ್ಮ! ಅಕ್ಕಾ, ಬಾ, ಕೂತ್ಕೋ ಎನ್ನುತ್ತಿದ್ದವಳು! "ದನಿ ನನ್ನದೇ ಕಣೇ, ಆದ್ರೆ..." ಎಂದು ಗಿಳಿಯಕ್ಕ ಅನ್ನುವುದರೊಳಗೆ ಬಾಗಿಲು ಮುಚ್ಚಿತು. ಟೈಲರನ್ನು ಬೈದು ಏನು ಬಂತು? ತನ್ನ ಮನೆಗೆ ಗುರುತು ಹಾಕಿ ಎಂದು ತನ್ನ ಅಕ್ಕನ ಬಾಯಿಂದಲೇ ಕೇಳಿಸಿಕೊಂಡವಳು ಇನ್ನೇನು ಮಾಡಿಯಾಳು.

ಆ ವಾರ ಗಿಳಿಯಕ್ಕ ಸಂಜೆಯ ಹೊತ್ತು ತನ್ನ ಅಡುಗೆಮನೆಯಲ್ಲಿ ಕೂತು ಗೋಡೆಯಾಚೆಯ ಮೆಷಿನ್ ಸದ್ದು ಕೇಳಿದಳು. ವಾರ ಕಳೆಯುವ ಹೊತ್ತಿಗೆ ಅದೇ ಗೋಡೆಗೆ ಆಚೆಯಿಂದ ಊರುಗೋಲಿನ ಏಟು ಬೀಳತೊಡಗಿತು. ನಿಲ್ಲಲೇ ಇಲ್ಲ. ಕೊನೆಗೆ ಟೈಲರ್ ಬಂದು, ಮುಖ ನೋಡದೆ, ಅತ್ತೆ ಊಟ ಬಿಟ್ಟು ಕೂತಿದ್ದಾರೆ, ಒಂದು ಸಲ ಬಂದು ಹೋಗಿ ಎಂದಳು.

ಅಜ್ಜಿ ಕೆಂಡವಾಗಿದ್ದರು. "ಹೊತ್ತು ಹೊತ್ತಿಗೂ ಟೀವೀಲಿ ಬರ್ತಿದೀಯ. ದೊಡ್ಡ ಮನುಷ್ಯಳಾಗ್ಬಿಟ್ಟೆ. ನನಗೊಂದು ಮಾತು ಹೇಳೋಕಾಗಲಿಲ್ವ?" ಟೀವಿಯಲ್ಲಿ ಅದೇ ಚಾನೆಲ್ಲು, ಅದೇ ಸ್ಕಾರ್ಫಿನ ಹೆಂಗಸು. ಮಾತು ಕೇಳಿಸದ ಅಜ್ಜಿ ವಾರವಿಡೀ ಅವಳ ಚಿತ್ರ ನೋಡಿ ಹಿಗ್ಗಿದ್ದರು. ಕೂದಲು ಸರಿಸಿ ಬಲಗಿವಿ ಮುಂದೆ ಮಾಡಿದರು. "ಕೂತ್ಕೋ. ನಿನ್ನ ಬಗ್ಗೆ ಏನಂತಿದಾರೆ, ಪೂರ್ತಿ ಹೇಳು."

ಹೊಗಳುತ್ತಿದ್ದಾರೆ ಅಜ್ಜೀ ಅಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಮುದುಕಿ ಖುಷಿಯಾಗಿ ಉಣ್ಣುತ್ತಿದ್ದರು. ಬಾಗಿಲಲ್ಲಿ ಟೈಲರ್ ಕೈಕಟ್ಟಿ ನಿಂತಿದ್ದಳು. ಕೇಳಿದ್ದನ್ನು ಬದಲಿಸಿ ಹೇಳುವುದು ಗಿಳಿಯಕ್ಕನ ನಾಲಿಗೆಗೆ ಎಂದೂ ಬಂದದ್ದಲ್ಲ. ಅಜ್ಜಿಯ ಕಿವಿಗೆ ಬಾಗಿದಳು. ಈ ಹೆಂಗಸು ಮೋಸಗಾತಿ, ಇವಳು ಸಮಾಜಕ್ಕೆ ವಿಷ, ಇವಳನ್ನು ಒಳಗೆ ಹಾಕಿ ಎಂದು ನಿರೂಪಕ ಕಿರುಚಿದ್ದನ್ನೆಲ್ಲ ತನ್ನ ಬಗ್ಗೆ ತಾನೇ, ಒಂದಕ್ಷರ ಬಿಡದೆ, ಸಪ್ಪೆಯಾಗಿ ಒಪ್ಪಿಸಿದಳು. ಆಮೇಲೆ ಟೀವಿಯ ಗಿಳಿಯಕ್ಕ ಮಾತಾಡಿದಳು. ಅದನ್ನೂ ಹೇಳಿದಳು: ಹೊಳೆಯಾಚೆಯವರನ್ನ ಇಟ್ಕೊಂಡಿದ್ದು ಸಾಕು, ಅವರ ಮನೆ ಯಾವುದು ಅಂತ ಗುರುತು ಹಾಕಿ. ಟೀವಿಯ ದನಿ, ಕೋಣೆಯ ದನಿ, ಎರಡೂ ಒಂದೇ. ಕಣ್ಣಲ್ಲಿ ಮಾತ್ರ ನೀರು ಇಳಿಯುತ್ತಿತ್ತು.

ಅಜ್ಜಿ ಅವಳತ್ತ ತಿರುಗಿದರು. "ಇದು ಯಾರಾಡಿದ ಮಾತು?"

"ಮೈದಾನದಲ್ಲಿ ಒಬ್ಬ ಆಡಿದ್ದು ಅಜ್ಜೀ. ಅವನ ಮೇಲೆ ದೂರು ಕೊಡೋಕೆ ಅಂತ ನಾನು ಬರೆಸ್ತಿದ್ದೆ. ಕಿವೀಲಿ ಅವನು ಹೇಳ್ತಿದ್ದ, ನಾನು ತಿರುಗಿ ಹೇಳ್ತಿದ್ದೆ. ಈಗ ನಿಮಗೆ ಹೇಳಿದೆನಲ್ಲ, ಹಾಗೇ."

"ಅಷ್ಟಕ್ಕಾ ಇಷ್ಟು ಕೂಗಾಟ?" ಅಜ್ಜಿ ಮೂಗು ಮುರಿದರು. "ಮೊನ್ನೆ ಸೀರಿಯಲ್ಲಲ್ಲಿ ಸೊಸೆಗೆ ವಿಷ ಹಾಕ್ತೀನಿ ಅಂತ ನನ್ನ ಕಿವೀಲಿ ನೀನೇ ಹೇಳಿದ್ದೆ. ಇವಳಿನ್ನೂ ಗುಂಡುಕಲ್ಲಿನ ಹಾಗೆ ನಿಂತಿದಾಳಲ್ಲ."

ಗುಂಡುಕಲ್ಲಿನ ಹಾಗೆ ನಿಂತಿದ್ದವಳು ನಗಲಿಲ್ಲ. ಬಂದು ಟೀವಿ ಆರಿಸಿದಳು. ಹೊಲಿಗೆಯ ಸ್ಟೂಲನ್ನು ಎಳೆದು ತಂದು ಗಿಳಿಯಕ್ಕನ ಮಗ್ಗುಲಲ್ಲೇ ಹಾಕಿಕೊಂಡು ಕೂತಳು. ವಾರವಿಡೀ ಊರಿಗೆ ಊರೇ ಆ ಮಾತನ್ನು ಕೇಳಿತ್ತು, ಹೇಳಿದವನು ಯಾರು ಎಂದು ಒಬ್ಬರೂ ಕೇಳಿರಲಿಲ್ಲ.

"ಅಕ್ಕಾ, ಅವನು ಇನ್ನೂ ಏನೇನು ಹೇಳಿದ? ನಮ್ಮ ಬೀದಿ ಹೆಸರೂ ಹೇಳಿದ್ನಾ?"

ಗಿಳಿಯಕ್ಕ ಹೌದೆಂದು ತಲೆಯಾಡಿಸಿದಳು.

"ಹಾಗಾದ್ರೆ ಮೊದಲಿಂದ ಹೇಳು. ಏನೂ ಬಿಡ್ಬೇಡ."

ಗಿಳಿಯಕ್ಕ ಕಣ್ಣೊರೆಸಿಕೊಂಡು, ಅಜ್ಜಿಗೂ ಕೇಳಿಸುವ ಹಾಗೆ, ಭಾಷಣದ ಮೊದಲ ಸಾಲಿನಿಂದ ಶುರುಮಾಡಿದಳು.