ಎಂಜಿನ್ನಿನ ಹಣೆಗೆ ವಿಭೂತಿ

ಬೆಳಿಗ್ಗೆ ರೊಟ್ಟಿ ಬಡಿದೆ, ಶೇಂಗಾ ಚಟ್ನಿ ಕುಟ್ಟಿದೆ, ಮಂಚ ಮತ್ತು ಒಲೆ ಕೂರಿಸಿಕೊಂಡ ನಮ್ಮ ಹಳೆಯ ವ್ಯಾನಿನೊಳಗೆ ಚಾದರ ಹಾಸಿದೆ, ಅತ್ತೆಯ ಎರಡು ಸೀರೆ ಮಡಿಸಿಟ್ಟೆ. ಎಪ್ಪತ್ತು ದಾಟಿದ ಅವರು ಮೊದಲ ಸಲ ಸಮುದ್ರ ನೋಡಲು ಹೊರಟಿದ್ದರು. ಆದರೆ ಒಂದು ತಿಂಗಳಿಂದ ಎಂಜಿನ್ನಿನಿಂದ ತೊಟ್ಟಿಕ್ಕುತ್ತಿದ್ದ ಆಯಿಲ್, ಶಿಕಾರಿಪುರ ಬಿಟ್ಟು ಸೊರಬ ತಲುಪುವಷ್ಟರಲ್ಲಿ ಧಾರೆಯಾಗಿತ್ತು.

"ಹಿಂಗ ಸೋರಿದ್ರ ಘಟ್ಟ ಇಳಿಯೋದು ಬ್ಯಾಡ. ತಿರುಗಿ ಮನಿಗೆ ಹೋಗೋಣು" ಎಂದರು ನಮ್ಮವರು. ಅತ್ತೆ ತಮ್ಮ ಚೀಲವನ್ನು ಮಡಿಲಿಗೆ ಎಳೆದುಕೊಂಡರು.

ಒಮ್ಮೆ ತೋರಿಸೋಣವೆಂದು ನಿಲ್ಲಿಸಿದಾಗ, ಸೊರಬದ ಬಸ್ ನಿಲ್ದಾಣದ ಬಳಿಯ ಮೆಕ್ಯಾನಿಕ್ ಎಂಜಿನ್ನನ್ನು ಸೀಮೆಎಣ್ಣೆಯಲ್ಲಿ ಒರೆಸಿ, "ಎಲ್ಲಿಂದ ಸೋರ್ತದೆ ಅಂತ ಮೊದ್ಲು ಗೊತ್ತಾಗ್ಬೇಕಲ್ರೀ. ಮುಖಕ್ಕೆ ಹಾಕೋ ಪೌಡರ್ ಇದ್ರೆ ಕೊಡಿ, ಉದುರಿಸಿ ನೋಡಾಣ" ಎಂದ. ನಮ್ಮಲ್ಲಿ ಪೌಡರ್ ಇರಲಿಲ್ಲ. ಅತ್ತೆ ಚೀಲದಿಂದ ವಿಭೂತಿ ಗಟ್ಟಿ ತೆಗೆದು ಪುಡಿ ಮಾಡತೊಡಗಿದರು.

"ಅಯ್ಯೋ, ವಿಭೂತಿ ಬೇಡಮ್ಮಾ!" ಎಂದ ಮೆಕ್ಯಾನಿಕ್.

"ಹಾಕೋ ತಮ್ಮಾ. ದಿನಾ ನನ್ನ ಹಣಿಗೆ ಹಚ್ಕೋತೀನಿ, ಇವತ್ತು ಇದ್ರ ಹಣಿಗೂ ಬೀಳ್ಲಿ. ನಾ ಸಮುದ್ರ ನೋಡ್ಬೇಕು!"

ಎಂಜಿನ್ ಚಾಲೂ ಮಾಡಿದಾಗ ಬಿಳಿ ಪುಡಿಯ ಮೇಲೆ ಕಪ್ಪು ಗೆರೆಯೊಂದು ಇಳಿಯಿತು. ಇಷ್ಟು ದಿನ ಎಲ್ಲರೂ ಕೆಳಗೆ ಹುಡುಕಿದ್ದ ಸೋರಿಕೆ ಎಂಜಿನ್ನಿನ ಮೇಲಿನ ಮುಚ್ಚಳದ್ದು! ಅವನು ಮುಚ್ಚಳದ ಸಂದಿಯಲ್ಲಿ ಗಟ್ಟಿಯಾಗಿದ್ದ ಹಳೆಯ ಪ್ಯಾಕಿಂಗ್ ಕೆರೆದು ತೆಗೆದು, ಕಾರ್ಕ್ ಹಾಳೆ ಕತ್ತರಿಸಿ ಹೊಸದು ಕೂರಿಸಿದ.

ಅಂದು ಸಂಜೆ ಸಮುದ್ರದ ದಂಡೆಯಲ್ಲಿ ರೊಟ್ಟಿ, ಚಟ್ನಿ, ಮೊಸರು ಉಂಡೆವು. ದಿನವೂ ವ್ಯಾನಿನಡಿ ಬಗ್ಗಿ ನೋಡದೆ ಮಲಗದ ನಮ್ಮವರೇ ಮೊದಲು ನಿದ್ದೆಹೋದರು. ಅತ್ತೆ ಮಾತ್ರ ಒದ್ದೆ ಸೆರಗು ಹಿಂಡುತ್ತ, ಅಲೆಗಳತ್ತ ಮುಖ ಮಾಡಿ ಕೂತೇ ಇದ್ದರು.